ಮನಿ ತೋರ್ಸೋರ ಹೊಟ್ಟಿಪಾಡು



ಈ ಸಲ ಸೋಯಾ ಮಾರಿ ರೊಕ್ಕ ಕೈಗಿ ಬಂದ ಮ್ಯಾಲ ನಮ್ಮ ಮಂದ್ಯಾಗ ಮೂರು ಮನಿಯವ್ರು ಜಾಗಾದ ಚಿಂತ್ಯಾಗ ಅದಾರ. ಔರಾದದ ತಂಗಿ ಮಗಳು ಬೀದರದಾಗ ಪ್ಲಾಟ್ ನೋಡ್ಲತ್ತಾಳ. ಭಾಲ್ಕಿ ಕಾಕಿಯವ್ರು ಹಳೀ ಮನಿ ಮಾರ್ಲತ್ತಾರ. ನಮ್ಮ ಎದುರುಮನಿ ವೈನಿಯವ್ರ ಮಗ-ಸೊಸಿ ಬಾಡಗಿ ಮನಿ ಹುಡುಕ್ಲತ್ತಾರ. ಮೂರೂ ಮಂದಿ ನನಗ ಕೇಳಿದ್ದು ಒಂದೇ ಮಾತು: "ಈ ದಲ್ಲಾಳಿ ಮಾತು ನಂಬ್ಲಾಕ ಬರ್ತದ ಏನ್ರಿ?"

ನಂಬ್ರಿ ಅಂತನೂ ಹೇಳ್ಲಾಕ ಬರಂಗಿಲ್ಲ, ನಂಬಬ್ಯಾಡ್ರಿ ಅಂತನೂ ಬರಂಗಿಲ್ಲ. ನಾವು ನಮ್ಮ ತವರಿನ ಡಾಬಕಾ ಮನಿ ಮಾರಿದಾಗ ಒಬ್ಬ ದಲ್ಲಾಳಿ ಇದ್ದ, ಬೀದರದಾಗ ಈ ಸಣ್ಣ ಮನಿ ತಗೊಂಡಾಗ ಇನ್ನೊಬ್ಬ ಇದ್ದ. ಇಬ್ಬರದೂ ಕೆಲಸ ಹತ್ತಿರ ನಿಂತು ನೋಡೀನಿ. ಅವ್ರು ಹೊಟ್ಟಿ ಹ್ಯಾಂಗ ತುಂಬ್ಕೋತಾರ ಅನ್ನೋದು ತಿಳದ್ರ, ಯಾವ ಮಾತು ನಂಬಬೇಕು, ಯಾವ ಮಾತು ನಾವೇ ಹೋಗಿ ನೋಡಬೇಕು ಅನ್ನೋದು ತಾನೇ ತಿಳೀತದ. ಅದಕ್ಕ ಇದೆಲ್ಲಾ ಬರೀಲತ್ತೀನಿ. ಗಂಡಸರು ಹೋಟೆಲಿನಾಗ ಚಾ ಕುಡದು ಸೌದಾ ಮಾಡ್ಕೊಂಡು ಬರ್ತಾರ. ಆ ಮನ್ಯಾಗ ದಿನಾ ನೀರು ತುಂಬಿ, ಒಲಿ ಹಚ್ಚಿ, ಕಸ ಹೊಡದು ಇರೋರು ನಾವು.

ದಲ್ಲಾಳಿ ಅನ್ನೋನು ನಮ್ಮ ಕಡಿ ಹೊಸಬ ಅಲ್ಲ. ನಾನು ಸಣ್ಣಾಕಿ ಇದ್ದಾಗ ಎತ್ತಿನ ಸಂತ್ಯಾಗ ನೋಡೀನಿ, ಹೆಗಲ ಮ್ಯಾಲಿನ ಟವೆಲ್ ತಳಗ ಕೈ ಹಾಕಿ ಬೆರಳು ಹಿಡದು ರೇಟ್ ಹೇಳ್ತಿದ್ರು. ಸುತ್ತ ನಿಂತ ಮಂದಿಗಿ ಏನೂ ತಿಳೀತಿದ್ದಿಲ್ಲ. ಅದೇ ಮನುಷ್ಯ ಹೊಲದ ಸೌದಾನೂ ಮಾಡ್ತಿದ್ದ, ಒಂದೊಂದು ಸಲ ಲಗ್ನದ ಮಾತೂ ತರ್ತಿದ್ದ. ಈಗ ಟವೆಲ್ ಹೋಗಿ ಮೊಬೈಲ್ ಬಂದದ. ಆದ್ರ ಒಂದು ಮಾತು ಹಂಗೇ ಉಳದದ. ಮಾರೋನು ಎಷ್ಟಕ್ಕ ಇಳೀತಾನ, ತಗೋಳೋನು ಎಷ್ಟಕ್ಕ ಏರ್ತಾನ, ಎರಡೂ ಗೊತ್ತಿರೋದು ನಡುವಿನವಗ ಒಬ್ಬನಿಗೇ. ಅವನ ಬಂಡವಾಳನೇ ಅದು. ಅಂಗಡಿ ಇಲ್ಲ, ಮಾಲು ಇಲ್ಲ, ಗೋದಾಮು ಇಲ್ಲ. ಯಾರ ಮನ್ಯಾಗ ಪಾಲು ಆಗ್ಲತ್ತದ, ಯಾರಿಗಿ ಮಗಳ ಲಗ್ನಕ್ಕ ರೊಕ್ಕ ಬೇಕಾಗ್ಯದ, ಯಾವ ಮಾಸ್ತರಿಗಿ ರಿಟೈರ್ ಆಗಿ ರೊಕ್ಕ ಬಂದದ, ಯಾರ ಮಗ ಹೈದ್ರಾಬಾದಿನಾಗ ಇದ್ದು ಊರಾಗಿನ ಮನಿ ಖಾಲಿ ಬಿದ್ದದ, ಇಂಥ ಸುದ್ದಿನೇ ಅವನ ಮಾಲು.

ಇನ್ನ ಅವ್ರು ಗಳಸೋದು ಹ್ಯಾಂಗ ಅಂದ್ರ, ನಾನು ನೋಡಿದಂಗ ನಾಲ್ಕು ದಾರಿ ಅವ.

ಮೊದಲನೇದು ಕಮಿಷನ್. ನೂರಕ್ಕ ಒಂದು, ಇಲ್ಲಾ ಎರಡು ಅಂತ ಮಾತಾಡ್ತಾರ. ಇಷ್ಟೇ ತಗೋಬೇಕು ಅಂತ ಸರಕಾರದ ರೇಟ್ ಇಲ್ಲ, ಮಾತಿನ ಮ್ಯಾಲ ನಿಂತದ್ದು. ನಮ್ಮ ಮನಿ ತೋರಿಸಿದ ದಲ್ಲಾಳಿ ಒಂದಿನ ನಮ್ಮ ಕಟ್ಟಿ ಮ್ಯಾಲ ಕುಂತು ಲೆಕ್ಕಾ ಹೇಳ್ದ. "ವೈನಿ, ಮೂವತ್ತು ಲಾಖದ ಮನಿ ಅಂತ ಹಿಡೀರಿ. ಆ ಕಡಿ ಒಂದು ಪರ್ಸೆಂಟ್, ಈ ಕಡಿ ಒಂದು ಪರ್ಸೆಂಟ್, ಅರವತ್ತು ಸಾವಿರ ಆತು. ಕೇಳ್ಲಾಕ ಭಾಳ ಅನಸ್ತದ. ಆದ್ರ ಮಾಲಕನ ಕಡಿಯವ ಒಬ್ಬ, ಗಿರಾಕಿ ತಂದವ ಒಬ್ಬ, ನಡುವ ನಾನೊಬ್ಬ. ಮೂರು ಪಾಲು ಮಾಡ್ದ್ರ ನನಗ ಇಪ್ಪತ್ತು ಸಾವಿರ. ಅದೂ ಮೂರು ತಿಂಗಳು ತಿರುಗಾಡಿದ ಮ್ಯಾಲ. ಪೆಟ್ರೋಲ್ ನಂದು, ಚಾ ನಂದು, ಹತ್ತು ಮನಿ ತೋರ್ಸಿದ್ರ ಒಂದು ಮುಗೀತದ, ಒಂಬತ್ತು ಫುಕಟ್." ಅವನ ಹೆಂಡ್ತಿ ಮನ್ಯಾಗ ಬಟ್ಟಿ ಹೊಲೀತಾಳ. ಆಷಾಢ, ಅಧಿಕ ಮಾಸ, ಪಿತೃಪಕ್ಷದಾಗ ಯಾರೂ ಬಯಾನಾ ಕೊಡಂಗಿಲ್ಲ, ಆ ದಿನ ಮನಿ ನಡಿಯೋದು ಅಕಿ ಮಷೀನಿನ ಮ್ಯಾಲೇ ಅಂತ ಅಂವನೇ ಹೇಳ್ದ.

ಎರಡನೇದು ಮ್ಯಾಲಿನ ರೊಕ್ಕ. ಮಾಲಕ ಹೇಳ್ತಾನ, "ನನ್ನ ಕೈಯಾಗ ಇಪ್ಪತ್ತೆರಡು ಬರಬೇಕು, ಮ್ಯಾಲಿಂದು ನಿಂದು." ದಲ್ಲಾಳಿ ನಮಗ ಇಪ್ಪತ್ತನಾಲ್ಕು ಹೇಳ್ತಾನ. ನಡುವಿನ ಎರಡು ಲಾಖ ಅವಂದು, ಕಮಿಷನ್ ಬ್ಯಾರೆ. ಇಂಥ ಸೌದಾದಾಗ ದಲ್ಲಾಳಿ ನಿಮಗ ಮಾಲಕನ ಸಂಗಟ ನೇರ ಮಾತಾಡ್ಲಾಕ ಬಿಡಂಗಿಲ್ಲ. "ಅವ್ರು ಭಾಳ ಸಿಟ್ಟಿನವ್ರು ಅದಾರ, ನಾನೇ ಮಾತಾಡ್ತೀನಿ" ಅಂತಾನ. ಹಂಗ ಅಂದ್ರ ತಿಳ್ಕೋರಿ, ನಡುವ ರೊಕ್ಕ ಅದ.

ಮೂರನೇದು ಬಯಾನಾ ಹಿಡದು ಮುಂದ ಮಾರೋದು. ಹೊಲದವನಿಗಿ ಒಂದಿಷ್ಟು ಬಯಾನಾ ಕೊಟ್ಟು ಆರು ತಿಂಗಳ ಕರಾರು ಮಾಡ್ಕೋತಾರ, ಆ ಆರು ತಿಂಗಳದಾಗ ಹೆಚ್ಚಿನ ರೇಟಿಗಿ ಇನ್ನೊಬ್ಬ ಗಿರಾಕಿ ತರ್ತಾರ. ತಂದ್ರ ಗಳಿಕಿ, ತರದಿದ್ರ ಬಯಾನಾ ಮುಳಗ್ತದ. ಕಡೀ ತಿಂಗಳದಾಗ ಇಂಥವ್ರ ಗಡಬಡಿ ನೋಡಬೇಕು. "ಇವತ್ತೇ ಮುಗಸ್ರಿ, ನಾಳಿ ರೇಟ್ ಹೆಚ್ಚಾಗ್ತದ" ಅನ್ನೋದು ಆವಾಗೇ. ಗಡಬಡಿ ನಮ್ಮದಲ್ಲ, ಅವನ ಕರಾರಿನದು.

ನಾಲ್ಕನೇದು ಲೇಔಟಿನ ಏಜೆಂಟರದು. ಅಲ್ಲಿ ಲೇಔಟ್ ಮಾಡಿದವ್ರು ಒಂದು ಫೂಟಿಗಿ ಇಷ್ಟು ಅಂತ ಕೊಡ್ತಾರ. ಫೂಟಿಗಿ ಐವತ್ತು ರೂಪಾಯಿ ಅಂತ ಹಿಡದ್ರ 30×40ರ ಪ್ಲಾಟಿಗಿ, ಅಂದ್ರ 1200 ಫೂಟಿಗಿ, ಅರವತ್ತು ಸಾವಿರ ಆತು. ಆ ಏಜೆಂಟನ ತಳಗ ಇನ್ನೊಬ್ಬ, ಅವನ ತಳಗ ಮತ್ತೊಬ್ಬ. ಹಿಂಗಾಗಿ ನಮ್ಮ ಬೀಗರೇ, ನಮ್ಮ ಗೆಳತಿಯರೇ "ಅಕ್ಕಾ, ಒಂದು ಪ್ಲಾಟ್ ತಗೋರಿ" ಅಂತ ಫೋನ್ ಮಾಡ್ತಾರ. ಅವ್ರಿಗಿ ನಮ್ಮ ಮ್ಯಾಲ ಪ್ರೀತಿ ಇದ್ದದ್ದೂ ಖರೆ, ಫೂಟಿನ ಲೆಕ್ಕಾ ಇದ್ದದ್ದೂ ಖರೆ. ಬಾಡಗಿ ಮನಿ ತೋರ್ಸೋರದು ಸರಳ ಅದ, ಒಂದು ತಿಂಗಳ ಬಾಡಗಿ ಅವ್ರ ಕೂಲಿ.

ನಾಲ್ಕೂ ದಾರ್ಯಾಗ ಒಂದೇ ಮಾತು ಅದ. ದಲ್ಲಾಳಿಗಿ ರೊಕ್ಕ ಸಿಗೋದು ಸೌದಾ ಮುಗದ ದಿನ. ಮನಿ ಚಲೋ ಇದ್ರೂ ಅಷ್ಟೇ, ಕೆಟ್ಟ ಇದ್ರೂ ಅಷ್ಟೇ. ಅವನ ಕೆಲಸ ಮುಗೀತದ, ನಮ್ಮ ಸಂಸಾರ ಆವತ್ತು ಶುರು ಆಗ್ತದ. ಅಂವ ಕೆಟ್ಟಂವ ಅಂತ ಅಲ್ಲ. ಸೌದಾ ಮುಗಸೋ ಮಾತು ಅಂವ ಹೇಳ್ತಾನ, ಸೌದಾ ಮುರಿಯೋ ಮಾತು ಅವನ ಬಾಯಾಗ ತಾನಾಗಿ ಬರಂಗಿಲ್ಲ. ಆ ಮಾತು ನಾವು ಕೇಳಬೇಕು.

ಅವ್ರು ಮಾರೋ ರೀತಿನೂ ಹೇಳ್ತೀನಿ. ಪೇಪರಿನ ನಡುವ ಬಣ್ಣದ ಚೀಟಿ ಇಟ್ಟಿರ್ತಾರ, ಮೊಬೈಲಿನ ಸ್ಟೇಟಸಿನಾಗ ಫೋಟೋ ಹಾಕ್ತಾರ. ದಸರಾ, ಅಕ್ಷಯ ತದಿಗಿ ಬಂತಂದ್ರ ಬುಕಿಂಗ್ ಮಾಡಿದವ್ರಿಗಿ ಬೆಳ್ಳಿ ನಾಣ್ಯ, ಲಕ್ಕಿ ಡ್ರಾ. ಮನೀ ತನಕ ಗಾಡಿ ಕಳಸ್ತಾರ, ಜಾಗಾ ತೋರ್ಸಿ ಊಟಾನೂ ಹಾಕ್ತಾರ. ಗಾಡ್ಯಾಗ ಹೋಗುವಾಗ ನೋಡ್ರಿ, "ಹತ್ತು ಮಿನಿಟ್" ಅಂದ ದಾರಿ ಗಾಡ್ಯಾಗ ಹತ್ತು ಮಿನಿಟೇ ಇರ್ತದ. ಆದ್ರ ನಮ್ಮ ಮಕ್ಕಳು ಸಾಲಿಗಿ ಹೋಗೋದು ಸೈಕಲ್ ಮ್ಯಾಲ, ನಾವು ಸಂತಿಗಿ ಹೋಗೋದು ಆಟೋದಾಗ. ಮುಂದಿನ ಸಲ ಆಟೋದಾಗೇ ಹೋಗ್ರಿ, ದೂರ ಎಷ್ಟು, ರೊಕ್ಕ ಎಷ್ಟು ಎರಡೂ ತಿಳೀತದ.

ಇನ್ನೊಂದು ನೋಡೀನಿ. ಇದ್ದದ್ದಕ್ಕಿಂತ ಬರೋದು ಹೆಚ್ಚಿಗಿ ಮಾರ್ತಾರ. ಬೀದರ–ಕಲಬುರಗಿ ರೈಲ್ವೆ ಲೈನ್ 2017ರ ಅಕ್ಟೋಬರ್ 29ಕ್ಕ ಪ್ರಧಾನಮಂತ್ರಿ ನರೇಂದ್ರ ಮೋದಿಯವ್ರು ಬೀದರಿಗಿ ಬಂದು ಉದ್ಘಾಟನಾ ಮಾಡಿದ್ರು. ಆದ್ರ ಆ ರೈಲು ಪ್ಲಾಟಿನ ಚೀಟಿ ಮ್ಯಾಲ ಎಷ್ಟೋ ವರ್ಷ ಮೊದಲೇ ಓಡ್ಯದ. ವಿಮಾನದ್ದೂ ಹಂಗೇ. 2020ರ ಫೆಬ್ರುವರಿ 7ಕ್ಕ ಬೀದರದಿಂದ ಬೆಂಗಳೂರಿಗಿ ಮಂದಿ ಹೋಗೋ ವಿಮಾನ ಶುರು ಆತು. ನಡುವ ನಿಂತ್ತು, ಮತ್ತ ಶುರು ಆತು, ಮತ್ತ ನಿಂತ್ತು, ಮತ್ತ ಬಂತು. ವಿಮಾನ ನಿಂತಾಗ "ವಿಮಾನ ನಿಲ್ದಾಣಕ್ಕ ಹತ್ತಿರ" ಅನ್ನೋ ಪ್ಲಾಟಿನ ರೇಟ್ ಇಳದದ್ದು ಮಾತ್ರ ನಾ ಕಾಣೆ. ರಿಂಗ್ ರೋಡ್ ಬರ್ತದ, ಕಾಲೇಜ್ ಬರ್ತದ, ಫ್ಯಾಕ್ಟರಿ ಬರ್ತದ ಅಂದ್ರ ಒಂದೇ ಕೇಳ್ರಿ: "ಬಂದ ಮ್ಯಾಲ ಬರ್ಲಿ, ಇವತ್ತು ಇಲ್ಲಿ ಏನು ಅದ?" ಇವತ್ತು ಕರೆಂಟ್ ಕಂಬ ಅದ ಏನ, ಗಟಾರ ಅದ ಏನ, ಕುಡಿಯೋ ನೀರು ಅದ ಏನ.

ಮನಿ ತೋರ್ಸೋದ್ರಾಗೂ ಒಂದು ಪದ್ಧತಿ ಅದ. ಮೊದಲು ಎರಡು ಕೆಟ್ಟ ಮನಿ ತೋರ್ಸ್ತಾರ, ಕತ್ತಲ್ದು, ಸಂದ್ಯಾಗಿಂದು. ಮೂರನೇದು ತಾವು ಮಾರಬೇಕು ಅಂದದ್ದು. ಎರಡು ನೋಡಿ ಬ್ಯಾಸರ ಆದ ಕಣ್ಣಿಗಿ ಮೂರನೇದು ಅರಮನಿ ಕಂಡಂಗ ಕಾಣ್ತದ. ಗಂಡಸರ ಮುಂದ ರೇಟಿನ ಮಾತು, ನಮ್ಮ ಮುಂದ ಅಡಗಿಮನಿ, ದೇವ್ರ ಕ್ವಾಣಿ, ಪೂರ್ವ ಬಾಗಲ, ಈಶಾನ್ಯದಾಗ ನೀರು ಇಂಥ ವಾಸ್ತು ಮಾತು. ಅವ್ರಿಗಿ ಗೊತ್ತದ, ಮನ್ಯಾಗಿನ ಹೆಣ್ಮಗಳು ಹೂಂ ಅಂದ್ರ ಅರ್ಧ ಸೌದಾ ಆತು ಅಂತ. ಹೊರಗ ಬರ್ತಿದ್ದಂಗ ಫೋನ್ ಬರ್ತದ, "ಹೈದ್ರಾಬಾದಿನ ಪಾರ್ಟಿ ಸಂಜಿಗಿ ಬರ್ಲತ್ತದ" ಅಂತ. ಒಂದೊಂದು ಸಲ ಪಾರ್ಟಿ ಖರೇನೇ ಇರ್ತದ. ಇದ್ರ ಇರ್ಲಿ. ನಮ್ಮ ಋಣ ಇದ್ರ ಮನಿ ನಮಗ ಉಳೀತದ, ಇಲ್ಲಾಂದ್ರ ಇನ್ನೊಂದು ಸಿಗ್ತದ.

ನಾವು ಮನಿ ನೋಡುವಾಗ ನಾನು ನಮ್ಮ ಮನಿಯವ್ರಿಗಿ ಒಂದು ಹೇಳಿದ್ದೆ. ದಲ್ಲಾಳಿ ಕರದಾಗ ಒಂದು ಸಲ ಹೋಗೋಣ, ಅಂವ ಕರೀದೇ ಇದ್ದಾಗ ಮೂರು ಸಲ ಹೋಗೋಣ. ಮುಂಜಾನಿ ಆರಕ್ಕ ಒಮ್ಮೆ, ಮಧ್ಯಾಹ್ನ ಎರಡಕ್ಕ ಒಮ್ಮೆ, ಮಳಿ ಬಂದ ಮರುದಿನ ಒಮ್ಮೆ. ಮುಂಜಾನಿ ಹೋದ್ರ ನೀರು ಬರ್ತದೋ ಇಲ್ಲೋ, ಓಣ್ಯಾಗ ಕೊಡಾ ಹಿಡದು ಎಷ್ಟು ಮಂದಿ ನಿಂತಾರ ಅನ್ನೋದು ಕಾಣ್ತದ. ಮಧ್ಯಾಹ್ನ ಹೋದ್ರ ಬಿಸಲು ಯಾವ ಕ್ವಾಣಿಗಿ ಬಡೀತದ ಅನ್ನೋದು ತಿಳೀತದ. ಬೀದರದ ಮೇ ತಿಂಗಳ ಬಿಸಲು ನಿಮಗ ನಾನು ಹೇಳೋದು ಬ್ಯಾಡ. ಮಳಿ ಮರುದಿನ ಹೋದ್ರ ನೀರು ಎಲ್ಲಿ ನಿಲ್ತದ, ಯಾವ ಗ್ವಾಡಿ ಹಸಿ ಆಗ್ಯದ ಎಲ್ಲಾ ಕಾಣ್ತದ. ಹೊಸಾ ಸುಣ್ಣ ಹಚ್ಚಿದ ಗ್ವಾಡಿ ಕಂಡ್ರ ಮುಟ್ಟಿ ನೋಡ್ರಿ, ಹಸಿ ಮುಚ್ಚಲಾಕ ಹಚ್ಚಿರ್ತಾರ.

ಹಂಗ ಒಂದು ಮುಂಜಾನಿ ಹೋದಾಗ ಬಾಜು ಮನಿ ಅಮ್ಮನವ್ರು ಅಂಗಳ ಕಸ ಹೊಡೀಲತ್ತಿದ್ರು. "ಅಮ್ಮಾ, ನೀರು ಹ್ಯಾಂಗ್ರಿ ಇಲ್ಲಿ?" ಅಂದೆ. "ಬೋರ್ ಅದ ತಾಯಿ, ಸಂಕ್ರಾಂತಿ ಆದ ಮ್ಯಾಲ ಒಣಗ್ತದ. ಆ ಮ್ಯಾಲ ಟ್ಯಾಂಕರೇ" ಅಂದ್ರು. ಆ ಮನಿ ಭಾಳ ಚಂದ ಇತ್ತು, ರೇಟೂ ಒಪ್ಪಿತ್ತು. ದಲ್ಲಾಳಿ "ಬೋರ್ ಅದ" ಅಂತ ಹೇಳಿದ್ದೂ ಸುಳ್ಳಲ್ಲ. ಸಂಕ್ರಾಂತಿ ಮಾತು ಅವನಿಗಿ ಯಾರೂ ಕೇಳಿದ್ದಿಲ್ಲ, ಅಂವ ಹೇಳಿದ್ದಿಲ್ಲ. ನಾವು ಆ ಮನಿ ಬಿಟ್ಟೇವು. ಬೀದರ ಕೆಂಪು ಕಲ್ಲಿನ ದಿಬ್ಬದ ಮ್ಯಾಲ ಕುಂತ ಊರು, ನೀರು ಮೊದಲಿಂದ ಕಷ್ಟದ್ದು. ಬಹಮನಿ ಸುಲ್ತಾನರ ಕಾಲದಾಗ ನೌಬಾದಿನ ಕಡಿ ಕಲ್ಲು ಕೊರದು ನೆಲದ ತಳಗ ಸುರಂಗ ಮಾಡಿ ನೀರು ತಂದಾರ, ಈಗಲೂ ಅದಕ್ಕ ಸುರಂಗ ಬಾವಿ ಅಂತಾರ. ಐದುನೂರು ವರ್ಷದ ಹಿಂದ ರಾಜರೇ ಮೊದಲು ನೀರಿನ ಚಿಂತಿ ಮಾಡಿದ್ರ, ನಾವು ಟೈಲ್ಸ್ ನೋಡಿ ಹೂಂ ಅನ್ನಬಾರ್ದು.

ಕಾಗದದ ಮಾತಿಗಿ ಬರ್ತೀನಿ. ಇಲ್ಲಿ ದಲ್ಲಾಳಿ ಬಾಯಾಗ ಒಂದೇ ಮಾತು: "ಎಲ್ಲಾ ಕ್ಲಿಯರ್ ಅದ." ಕ್ಲಿಯರ್ ಅನ್ನೋದು ಯಾವ ಆಫೀಸಿನ ಕಾಗದನೂ ಅಲ್ಲ. ಅದಕ್ಕ ಒಂದೊಂದೇ ಹೆಸರು ಹಿಡದು ಕೇಳಬೇಕು.

ಪ್ಲಾಟ್ ಇದ್ರ ಮೊದಲು ಎನ್‌ಎ ಕೇಳ್ರಿ, ಅಂದ್ರ ಹೊಲ ಮನಿ ಕಟ್ಟಲಾಕ ಬದಲಿ ಆದ ಆದೇಶ. ಅದು ಬರೋದು ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ. ಅದಾದ ಮ್ಯಾಲ ಲೇಔಟಿಗಿ ಮಂಜೂರಿ ಬೇಕು. ಬೀದರದಾಗ ನಗರಾಭಿವೃದ್ಧಿ ಪ್ರಾಧಿಕಾರ ಅದ. ಬರೇ ಎನ್‌ಎ ತೋರ್ಸಿ ಲೇಔಟ್ ಮಂಜೂರಿ ತೋರ್ಸದವ್ರು ಭಾಳ ಮಂದಿ ಅದಾರ. ಇದ್ರ ಲೆಕ್ಕಾ ಹಿಂಗದ. ಒಂದು ಎಕರೆ ಅಂದ್ರ 40 ಗುಂಟೆ, ಒಂದು ಗುಂಟೆ 1089 ಫೂಟ್. ಮಂಜೂರಿ ಲೇಔಟಿನಾಗ ರೋಡ್, ಪಾರ್ಕ್, ಸಾರ್ವಜನಿಕ ಜಾಗಾ ಬಿಟ್ಟು ಅರ್ಧಕ್ಕಿಂತ ಸ್ವಲ್ಪ ಹೆಚ್ಚಿಗಿ ಅಷ್ಟೇ ಪ್ಲಾಟಿಗಿ ಉಳೀತದ. ಮಂಜೂರಿ ಇಲ್ಲದವ್ರು ಸಣ್ಣ ದಾರಿ ಬಿಟ್ಟು ಎಲ್ಲಾ ಮಾರ್ತಾರ. ಅದಕ್ಕ ಅವ್ರದು ಸಸ್ತಾ. ಸಸ್ತಾ ಆದದ್ದು ರೇಟಿನಾಗ ಅಲ್ಲ, ನಮ್ಮ ಮಕ್ಕಳು ಆಡೋ ಜಾಗಾದಾಗ, ಗಟಾರದಾಗ.

ಊರಾಗಿನ ಪಂಚಾಯತಿ ಜಾಗಾ ಇದ್ರ ಇ-ಸ್ವತ್ತಿನ ನಮೂನೆ 9 ಮತ್ತ 11ಎ ಕೇಳ್ರಿ. 11ಬಿ ಕೊಟ್ರ ಅದು ಬ್ಯಾರೆ, ಆ ಜಾಗಾ ನಿಯಮದ ಪ್ರಕಾರ ಇಲ್ಲ ಅಂತ ಅದರ ಅರ್ಥ. ಊರಾಗ ಬಿ-ಖಾತಾನೂ ಹಂಗೇ. ಟ್ಯಾಕ್ಸ್ ತುಂಬಸ್ಕೊಳ್ಳಾಕ ಪುಸ್ತಕದಾಗ ಹೆಸರು ಬರ್ಕೋತಾರ, ಅದರಿಂದ ಲೇಔಟ್ ಮಂಜೂರಿ ಆದಂಗ ಆಗಂಗಿಲ್ಲ. ಈಗ ಇ-ಖಾತಾ ಇಲ್ದೆ ರಜಿಸ್ಟ್ರಿನೇ ಆಗಂಗಿಲ್ಲ. ಇಸಿ ಅಂತ ಒಂದು ಕಾಗದ ಇರ್ತದ, ಕಾವೇರಿ ಅನ್ನೋ ಸರಕಾರದ ಆನ್‌ಲೈನ್ ಜಾಗಾದಾಗ ಮನ್ಯಾಗ ಕುಂತು ತಗಸಬಹುದು, ಮಕ್ಕಳಿಗಿ ಹೇಳ್ರಿ. ಮೂವತ್ತು ವರ್ಷದ್ದು ತಗಸ್ರಿ. ಆ ಜಾಗಾ ಯಾರು ಯಾರಿಗಿ ಮಾರ್ಯಾರ, ಯಾವ ಬ್ಯಾಂಕಿನ ಸಾಲ ಅದ ಅನ್ನೋದು ನಮೂನೆ 15ರಾಗ ಬರ್ತದ. ಏನೂ ವ್ಯವಹಾರ ಇಲ್ಲಾಂದ್ರ ನಮೂನೆ 16 ಬರ್ತದ.

ಬಾಂಡ್ ಪೇಪರ್ ಮ್ಯಾಲ ನೋಟರಿ ಮಾಡಿ, ಇಲ್ಲಾ ಜಿಪಿಎ ಬರಸ್ಕೊಟ್ಟು "ಇಷ್ಟು ಸಾಕು, ಎಲ್ಲಾರೂ ಹಿಂಗೇ ತಗೊಂಡಾರ" ಅಂದ್ರ ಒಪ್ಪಬ್ಯಾಡ್ರಿ. ಜಿಪಿಎ ಮ್ಯಾಲ ಮಾರಿದ್ರ ಮಾಲಕಿ ಬರಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಾಗೇ ಹೇಳ್ಯದ. ರಜಿಸ್ಟ್ರಿ ಆದ್ರೇ ಮನಿ ನಿಮ್ದು.

ಲೇಔಟ್ ಮಾಡೋರಿಗಿ ಮತ್ತ ಅದನ್ನ ಮಾರೋ ಏಜೆಂಟರಿಗಿ ಒಂದು ಕಾಯ್ದೆ ಅದ, 2016ರದು. ಮಂದಿ ಅದಕ್ಕ ರೇರಾ ಅಂತಾರ. 500 ಚದರ ಮೀಟರಿಗಿಂತ ಹೆಚ್ಚಿಂದು, ಅಂದ್ರ ಸುಮಾರು ಐದು ಗುಂಟೆಗಿಂತ ದೊಡ್ಡ ಲೇಔಟ್ ಇದ್ರ ರೇರಾದಾಗ ಹೆಸರು ಹಚ್ಚಸ್ದೆ ಜಾಹೀರಾತು ಮಾಡಂಗಿಲ್ಲ. ಚೀಟಿ ಮ್ಯಾಲ ರೇರಾ ನಂಬರ್ ಇರಲೇಬೇಕು. ಅಂಥ ಲೇಔಟಿನ ಪ್ಲಾಟ್ ಮಾರೋ ಏಜೆಂಟನೂ ನೋಂದಣಿ ಮಾಡ್ಸಿರಬೇಕು. ನಮ್ಮ ರಾಜ್ಯದಾಗ ಒಬ್ಬ ಮನುಷ್ಯನಿಗಿ ಅದರ ಫೀ 25,000 ರೂಪಾಯಿ, ಐದು ವರ್ಷಕ್ಕ. ಮಾಡಸ್ದೆ ಮಾರಿದ್ರ ದಿನಕ್ಕ 10,000 ರೂಪಾಯಿ ದಂಡ, ಅದು ಜಾಗಾದ ಕಿಮ್ಮತ್ತಿನ ನೂರಕ್ಕ ಐದರ ತನಕ ಏರಬಹುದು. ಬೆಳ್ಳಿ ನಾಣ್ಯ ಕೊಡೋ ಚೀಟಿ ಕೈಗಿ ಬಂದ್ರ ಮೊದಲು ನಂಬರ್ ಹುಡುಕ್ರಿ.

ರೇಟ್ ಹೇಳುವಾಗ ದಲ್ಲಾಳಿ ರಜಿಸ್ಟ್ರಿ ಖರ್ಚು ಹೇಳಂಗಿಲ್ಲ. ಸ್ಟಾಂಪ್ ಡ್ಯೂಟಿ ನೂರಕ್ಕ ಐದು, ಅದರ ಮ್ಯಾಲ ಸೆಸ್ಸು. ರಜಿಸ್ಟ್ರಿ ಫೀ ಮೊದಲು ನೂರಕ್ಕ ಒಂದು ಇತ್ತು, 2025ರ ಆಗಸ್ಟ್ ಕಡೀಗಿ ಎರಡು ಆತು. ಮೂವತ್ತು ಲಾಖದ ಮನಿಗಿ ಎರಡು ಲಾಖದ ಮ್ಯಾಲೇ ಹೋಗ್ತದ. ಇದೆಲ್ಲಾ ಕೂಡ್ಸಿ ನಿಮ್ಮ ಗಂಟು ನೋಡ್ಕೋರಿ, ಇಲ್ಲಾಂದ್ರ ಕಡೀಕ ಕೈಗಿ ಹಚ್ಚೋದು ನಮ್ಮ ಕೊರಳಿನ ಬಂಗಾರಕ್ಕೇ. ಬಯಾನಾನೂ ಅಷ್ಟೇ, ಆದಾಯ ತೆರಿಗಿ ಕಾಯ್ದೆ ಪ್ರಕಾರ ಜಾಗಾದ ಸೌದಾಕ್ಕ 20,000 ರೂಪಾಯಿ, ಅದಕ್ಕಿಂತ ಹೆಚ್ಚಿಗಿ ನಗದು ತಗೋಳಂಗಿಲ್ಲ. ಬ್ಯಾಂಕಿನಾಗಿಂದ ಕೊಡ್ರಿ, ಮಾಲಕನ ಹೆಸರಿಗಿ ಕೊಡ್ರಿ.

ಇಷ್ಟು ತಗೋಳೋರ ಮಾತಾತು. ಮಾರೋ ಕಡಿ ನಿಂತಾಗ ನಮ್ಮಂಥ ಹೆಣ್ಮಕ್ಕಳಿಗಿ ಬರೋದು ಬ್ಯಾರೆ ಮಾತು. ಅದು ಡಾಬಕಾ ಮನಿ ಮಾರಿದಾಗ ನಾನು ಕಂಡದ್ದು.

ಅಪ್ಪ ಅವ್ವ ಇಬ್ಬರೂ ಹೋದ ಮ್ಯಾಲ ಅಣ್ಣಂದಿರು ಆ ಮನಿ ಮಾರಬೇಕು ಅಂದ್ರು. ಮನಿ ಬೀಳ್ಲತ್ತಿತ್ತು, ಅಲ್ಲಿ ಇರೋರು ಯಾರೂ ಇದ್ದಿಲ್ಲ, ಅವ್ರ ಮಾತೂ ಬರೋಬ್ಬರಿ ಇತ್ತು. ಒಂದಿನ ಊರ ದಲ್ಲಾಳಿ ನಮ್ಮ ಮನಿಗಿ ಬಂದ. ನನಗ ಸಣ್ಣಾಕಿ ಇದ್ದಾಗಿಂದ ನೋಡ್ಯಾನ, ಮಾಮಾ ಅಂತೀನಿ. ಸಂಗಟ ಪೇಢೆ ತಂದಿದ್ದ, ನನ್ನ ಮೊಮ್ಮಗನಿಗಿ ಎತ್ತಿ ಆಡಸ್ದ, ಅವ್ವನ ನೆನಪು ತಗದ. ಚಾ ಕುಡದ ಮ್ಯಾಲ ಚೀಲದಾಗಿಂದ ಕಾಗದ ತಗದು, "ತಂಗೀ, ಏನಿಲ್ಲವ್ವ, ಬರೇ ಒಂದು ಸಹಿ. ಅಣ್ಣಂದಿರ ಕೆಲಸಕ್ಕ ಅಡ್ಡ ಆಗಬಾರ್ದು" ಅಂದ.

ನಾನು ಪಿಯುಸಿ ತನಕ ಕಲತಾಕಿ. ಚಷ್ಮಾ ಹಾಕ್ಕೊಂಡು ಓದಿದೆ. "ಹಕ್ಕು ಬಿಡುಗಡೆ ಪತ್ರ" ಅಂತ ಇತ್ತು. ನನ್ನ ಹಕ್ಕು ಏನೂ ರೊಕ್ಕ ತಗೊಳ್ದೆ, ಸ್ವಖುಷಿಲಿಂದ ಬಿಟ್ಟೀನಿ ಅಂತ. ನನ್ನ ತಳಗ ನಮ್ಮ ದೊಡ್ಡಕ್ಕನ ಹೆಸರು ಇತ್ತು. ಅಕ್ಕನ ಗಂಡ ತೀರಿ ಒಂಬತ್ತು ವರ್ಷ ಆಗ್ಯದ, ಅಕಿ ಔರಾದದಾಗ ಬಾಡಗಿ ಖೋಲ್ಯಾಗ ಇದ್ಲು. ನನಗ ಆ ಮನಿ ರೊಕ್ಕ ಇಲ್ದೆನೂ ನಡೀತದ. ಅಕಿಗಿ ನಡಿಯಂಗಿಲ್ಲ. ನಾನು ಸುಮ್ಮ ಸಹಿ ಮಾಡಿದ್ರ, "ತಂಗಿ ಮಾಡ್ಯಾಳ, ನೀ ಯಾಕ ಮಾಡಂಗಿಲ್ಲ?" ಅಂತ ಅಕಿಗಿ ಕೇಳ್ತಾರ. ಆ ಪೇಢೆ ನನ್ನ ಗಂಟಲ್ದಾಗ ಇಳೀಲಿಲ್ಲ.

ಮಾಮಾಗ ನಾನು ಎರಡೇ ಕೇಳ್ದೆ. "ಮಾಮಾ, ನಮ್ಮ ಸಹಿ ಆಗದಿದ್ರ ನಿಮ್ಮ ಕಮಿಷನ್ ಬರ್ತದ ಏನ್ರಿ?" ಅಂದೆ. ನಕ್ಕು "ಇಲ್ಲವ್ವ, ಒಂದು ಸಹಿ ಕಮ್ಮಿ ಬಿದ್ರ ತಗೋಳೋ ಪಾರ್ಟಿ ಒಪ್ಪಂಗಿಲ್ಲ" ಅಂದ. "ಹಂಗಾದ್ರ ಬಿಡುಗಡೆ ಪತ್ರಕ್ಕ ಮಾಡಿದ್ರೂ ಅಷ್ಟೇ, ಮಾರೋರು ಅಂತ ಖರೀದಿ ಪತ್ರಕ್ಕ ಮಾಡಿದ್ರೂ ಅಷ್ಟೇ. ನಿಮ್ಮ ಸೌದಾ ಮುಗೀತದ ಅಲ್ಲ?" ಅಂದೆ. ಅಂವ ಒಂದು ಗಳಿಗಿ ಸುಮ್ಮ ಕುಂತ. ಆ ಮ್ಯಾಲ "ನನಗೇನು ತಂಗೀ, ಎಲ್ಲಾರ ಸಹಿ ಆದ್ರ ಆತು. ನಾನೇ ಅಣ್ಣಗ ಹೇಳ್ತೀನಿ" ಅಂದ.

ಖರೇನೇ ಹೇಳ್ದ. ಅಣ್ಣಂದಿರಿಗಿ ಮೊದಲ ಎರಡು ವಾರ ಸಿಟ್ಟು ಬಂತು, ದೊಡ್ಡ ವೈನಿ ಫೋನ್ ಎತ್ತಲಿಲ್ಲ. ಮಾಮಾನೇ ನಡುವ ಓಡಾಡ್ದ, ಅವನಿಗಿ ಸೌದಾ ಮುಗೀಬೇಕಿತ್ತು. ಕಡೀಕ ನಾಲ್ಕೂ ಮಂದಿ ಮಾರೋರು ಅಂತ ಸಬ್ ರಜಿಸ್ಟ್ರಾರ್ ಆಫೀಸಿನಾಗ ಕುಂತು ಹೆಬ್ಬಟ್ಟು, ಫೋಟೋ ಕೊಟ್ಟೇವು. ಅಕ್ಕನ ಪಾಲು ಅಕ್ಕನ ಖಾತಾಕ್ಕೇ ಹೋತು. ಅಕಿ ಅದರಾಗ ಔರಾದದಾಗೇ ಎರಡು ಖೋಲಿ ಮನಿ ಮಾಡ್ಕೊಂಡಾಳ. ಈಗ ಅಣ್ಣ ಔರಾದಕ್ಕ ಹೋದ್ರ ಊಟಕ್ಕ ಅಕ್ಕನ ಮನಿಗೇ ಹೋಗ್ತಾನ.

ಕಾಯ್ದೆ ಏನು ಹೇಳ್ತದ ಅನ್ನೋದೂ ತಿಳ್ಕೊಂಡಿರ್ರಿ. ತಂದಿ ಸ್ವಂತ ಗಳಸಿದ ಆಸ್ತಿ ಇದ್ದು, ವಿಲ್ ಬರೀದೇ ಹೋಗಿದ್ರ, ಮಗ ಮಗಳು ಇಬ್ಬರಿಗೂ ಸಮ ಪಾಲು ಅನ್ನೋದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಾಗೇ ಅದ. ಹಿರಿಯರಿಂದ ಬಂದ ಆಸ್ತ್ಯಾಗ ಮಗನ ಸರಿ ಮಗಳಿಗೂ ಹುಟ್ಟಿನಿಂದ ಹಕ್ಕು ಅಂತ 2005ರ ತಿದ್ದುಪಡಿ ಮಾಡ್ಯದ. ಆವಾಗ ತಂದಿ ಜೀವಂತ ಇರಲೇಬೇಕು ಅಂತ ಇಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ಕ್ಕ ಹೇಳ್ಯದ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ರಜಿಸ್ಟ್ರಿ ಪಾಲು ಆಗಿದ್ರ ಮಾತ್ರ ಅದನ್ನ ಈ ತಿದ್ದುಪಡಿ ಮುಟ್ಟಂಗಿಲ್ಲ. ಪಾಲು ತಗೋಳೋದು ಬಿಡೋದು ನಿಮ್ಮ ನಿಮ್ಮ ಮನಿ ಮಾತು. ಬಿಡೋದಿದ್ರೂ ಓದಿ, ತಿಳದು, ಮನಸಾರೆ ಬಿಡ್ರಿ. ಪೇಢೆ ತಿಂದು ಬಿಡಬ್ಯಾಡ್ರಿ.

ಭಾಲ್ಕಿ ಕಾಕಿಯವ್ರಿಗಿ ಅದೇ ಹೇಳೀನಿ. ನಿಮ್ಮ ಮನಿ ಮಾರೋ ಮೊದಲು ಇಬ್ಬರೂ ಹೆಣ್ಮಕ್ಕಳಿಗಿ ಕರದು ಕುಂದರ್ಸಿ ಮಾತಾಡ್ರಿ. ಎಷ್ಟೋ ಸೌದಾ ರಜಿಸ್ಟ್ರಿ ಆಫೀಸಿನ ಬಾಗಲ ತನಕ ಹೋಗಿ, ಒಬ್ಬ ಅಕ್ಕನೋ ತಂಗಿನೋ ಬರದೇ ಇದ್ದದ್ದಕ್ಕ ಮುರೀತಾವ ಅಂತ ಮಾಮಾನೇ ಹೇಳ್ಯಾನ. ಮೊದಲೇ ಎಲ್ಲಾರ ಹೆಸರು ಹೇಳಿದ್ರ ದಲ್ಲಾಳಿಗೂ ಚಲೋ, ಮನಿಗೂ ಚಲೋ.

ದಲ್ಲಾಳಿ ಕೂಲಿ ಬಗ್ಗೆ ಒಂದು ಮಾತು. ನಮ್ಮ ಮಂದ್ಯಾಗ ಒಂದು ಕೆಟ್ಟ ಚಾಳಿ ಅದ. ದಲ್ಲಾಳಿ ಮನಿ ತೋರಿಸ್ತಾನ, ಮರುದಿನ ಅವನಿಗಿ ಬಿಟ್ಟು ಮಾಲಕನ ಹತ್ತಿರ ಹೋಗಿ "ಕಮಿಷನ್ ಉಳೀತದ, ನಾವು ನಾವೇ ಮುಗಸೋಣ" ಅಂತಾರ. ಹೊಲದಾಗ ದಿನಾ ದುಡಸ್ಕೊಂಡು ಸಂಜಿಗಿ ಕೂಲಿ ಕೊಡದೇ ಕಳಸಿದಂಗ ಆತದು. ಎರಡು ಗೊತ್ತಿಲ್ಲದ ಮನಿಯವ್ರಿಗಿ ಒಂದು ಕಡಿ ತಂದು ಕುಂದರ್ಸೋದು, ಸಿಟ್ಟು ಬಂದವ್ರಿಗಿ ಸಮಾಧಾನ ಮಾಡೋದು, ಹತ್ತು ಸಲ ಆಫೀಸಿಗಿ ಓಡಾಡೋದು ದುಡಿಮಿನೇ. ಅದಕ್ಕ ಮೊದಲ ದಿನಾನೇ ಮಾತು ಮುಗಸ್ರಿ. "ನಿಮಗ ಇಷ್ಟು ಕೊಡ್ತೀವಿ, ರಜಿಸ್ಟ್ರಿ ಆದ ದಿನ ಕೊಡ್ತೀವಿ. ಮಾಲಕನ ಸಂಗಟ ನೇರ ಮಾತಾಡ್ತೀವಿ, ಮ್ಯಾಲಿನ ರೊಕ್ಕ ನಡುವ ಇರಬಾರ್ದು." ಹಿಂಗ ಬಾಯಿ ಬಿಟ್ಟು ಹೇಳಿದ್ರ ಚಲೋ ದಲ್ಲಾಳಿ ಸಿಟ್ಟಾಗಂಗಿಲ್ಲ. ಸಿಟ್ಟಾದ್ರ ಬ್ಯಾರೆ ದಲ್ಲಾಳಿ ನೋಡ್ರಿ. ನಾವು ಬೀದರ ಮನಿ ತಗೊಂಡಾಗ ಹಿಂಗೇ ಮಾಡೇವು. ರಜಿಸ್ಟ್ರಿ ಆದ ಸಂಜಿಗೇ ಅವನ ಖಾತಾಕ್ಕ ರೊಕ್ಕ ಹಾಕೇವು, ಅವನ ಹೆಂಡ್ತಿಗಿ ಒಂದು ಕುಬಸದ ಬಟ್ಟಿ ಇಟ್ಟು ಕುಂಕುಮ ಹಚ್ಚಿ ಕಳಸೀನಿ. ಈಗ ನನ್ನ ಕುಬಸ ಹೊಲಿಯೋದು ಅಕಿನೇ.

ತಂಗಿ ಮಗಳಿಗಿ ಈ ಐತವಾರ ಬಾ ಅಂದೀನಿ. ಅಕಿ ನೋಡಿದ ಪ್ಲಾಟಿನ ಚೀಟಿ ನನಗ ಕಳಸ್ಯಾಳ. ಬಣ್ಣ ಭಾಳ ಚಂದ ಅದ, ಮ್ಯಾಲ ವಿಮಾನ, ತಳಗ ಕಾರಂಜಿ. ರೇರಾ ನಂಬರ್ ಮಾತ್ರ ಎಲ್ಲೂ ಕಾಣವಲ್ದು. ಇಬ್ಬರೂ ಆಟೋ ಮಾಡ್ಕೊಂಡು ಹೋಗಿ, ಬಾಜು ಮನಿಯವ್ರಿಗಿ ನೀರಿನ ಮಾತು ಕೇಳಿ ಬರ್ತೀವಿ. ನಿಮ್ಮಾಗ ಯಾರಾದ್ರೂ ಜಾಗಾ ನೋಡ್ಲತ್ತಿದ್ರ ಬಯಾನಾ ಕೊಡೋ ಮೊದಲು ಒಂದು ಫೋನ್ ಮಾಡ್ರಿ. ಮಧ್ಯಾಹ್ನ ಎರಡರ ಮ್ಯಾಲ ನಾನು ಖಾಲಿ ಇರ್ತೀನಿ.